ಒಂದೇ ಬಾಗಿಲಿಗೆ ಎರಡು ಆಯುಷ್ಯ

ವಾಲ್ವಣ್ಣನಿಗೆ ಅಧಿಕಾರ ಬಂದದ್ದು ಸಾಹೇಬರ ಎಡಗಾಲಿನ ಮಂಡಿಯ ಕೃಪೆಯಿಂದ. ಆ ಮಂಡಿಗೆ ಆಪರೇಶನ್ ಆಗಬೇಕಿತ್ತು, ಆಮೇಲೆ ಅದು ಮಡಿಸುವುದನ್ನು ಮೊದಲಿನಿಂದ ಕಲಿಯಬೇಕಿತ್ತು. ಅದು ಕಲಿತು ಮುಗಿಸುವವರೆಗೆ ನೀರು ಸರಬರಾಜು ಕಚೇರಿಯನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ. ಹಾಗಾಗಿ ಒಂದು ಸೋಮವಾರ ಕೇಂದ್ರ ಕಚೇರಿಯಿಂದ ಕಾಗದ ಬಂತು: ಹಿರಿಯ ಗುಮಾಸ್ತರು ಮುಂದಿನ ಮೂರು ತಿಂಗಳು ಹಂಗಾಮಿ ಮುಖ್ಯಾಧಿಕಾರಿಯಾಗಿ ಕೆಲಸ ಮಾಡತಕ್ಕದ್ದು.

ಹಿರಿಯ ಗುಮಾಸ್ತ ಅಂದರೆ ವಾಲ್ವಣ್ಣ. ಇಪ್ಪತ್ತಾರು ವರ್ಷ ಅದೇ ಕಚೇರಿಯಲ್ಲಿ ಸವೆದ ಮನುಷ್ಯ. ಮಳೆ ಬಂದ ದಿನ ಕೊಡೆಯನ್ನು ಮನೆಯಲ್ಲಿ ಬಿಟ್ಟು ಅದರ ಚೀಲವನ್ನಷ್ಟೇ ಹಿಡಿದುಕೊಂಡು ಬಂದವನು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ ಹಾಕಿಕೊಂಡು ಬಂದು, ಸಂಜೆಯವರೆಗೂ "ಯಾಕೋ ನೆಲ ಒಂದು ಕಡೆ ವಾಲಿದೆ" ಅಂತ ಸಿಕ್ಕವರಿಗೆಲ್ಲ ಹೇಳಿದವನು. ಆದರೆ ಊರಿನ ರಸ್ತೆಗಳ ಕೆಳಗೆ ಹೂತಿರುವ ಮುನ್ನೂರ ಹನ್ನೆರಡು ವಾಲ್ವುಗಳಲ್ಲಿ ಯಾವುದು ಎಲ್ಲಿದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. "ಬೇಕರಿ ಮೆಟ್ಟಿಲಿಂದ ಏಳು ಹೆಜ್ಜೆ, ಎಡಕ್ಕೆ ಒಂದು ಮೊಳ, ಕಲ್ಲೆತ್ತಿ ನೋಡಿ." ಕಲ್ಲೆತ್ತಿದರೆ ವಾಲ್ವು ಅಲ್ಲೇ ಇರುತ್ತಿತ್ತು. ಕಚೇರಿಯ ನಕ್ಷೆಯಲ್ಲಿ ಇಲ್ಲದ್ದು ಇವನ ತಲೆಯಲ್ಲಿತ್ತು. ತಲೆಯಲ್ಲಿ ಇರಬೇಕಾದ ಉಳಿದದ್ದೆಲ್ಲ ಎಲ್ಲಿತ್ತೋ, ಅದಕ್ಕೆ ನಕ್ಷೆ ಇಲ್ಲ.

ಬೇರೆಯವರಾಗಿದ್ದರೆ ಆ ಕಾಗದ ಓದಿ ಮಡಚಿ ಜೇಬಿಗೆ ಹಾಕಿಕೊಂಡು ಕೆಲಸ ನೋಡುತ್ತಿದ್ದರು. ವಾಲ್ವಣ್ಣ ನಾಲ್ಕು ಸಲ ಓದಿದ. ನಾಲ್ಕು ಸಲವೂ ಅವನ ಕಣ್ಣು 'ಹಂಗಾಮಿ' ಅನ್ನುವ ಪದವನ್ನು ಚರಂಡಿ ದಾಟಿದ ಹಾಗೆ ದಾಟಿ 'ಮುಖ್ಯಾಧಿಕಾರಿ' ಮೇಲೆ ಹೋಗಿ ನಿಂತಿತು.

"ಬಾಗಿಲಿಗೆ ಒಂದು ಬೋರ್ಡ್ ಬೇಕು" ಅಂದ ಸಂಜೆ ಮನೆಯಲ್ಲಿ.

ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. "ಮೂರು ತಿಂಗಳಿಗೆ ಬೋರ್ಡ್ ಯಾಕ್ರೀ? ಕ್ಯಾಲೆಂಡರ್ ಸಾಕಲ್ವಾ?"

"ಮೂರು ತಿಂಗಳು ಅಂತ ಸುಮ್ನೆ ಬರೆದಿರ್ತಾರೆ. ಆಮೇಲೆ ಕೆಲಸ ನೋಡಿ ಖಾಯಂ ಮಾಡ್ತಾರೆ."

"ಯಾರಿಗೆ ಮಾಡಿದಾರೆ?"

"ಇದುವರೆಗೂ ಯಾರಿಗೂ ಮಾಡಿಲ್ಲ. ಅದಕ್ಕೇ ಈ ಸಲ ಮಾಡ್ತಾರೆ."

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಅವನನ್ನು ಒಂದು ಸಲ ನೋಡಿದಳು. "ಬೋರ್ಡ್ ಏನಾದ್ರೂ ಮಾಡ್ಕೊಳ್ಳಿ. ಸಹಿ ಹಾಕುವಾಗ ಮಾತ್ರ ನಿಮ್ಮ ಬುದ್ಧಿ ಉಪಯೋಗಿಸಬೇಡಿ. ಆರ್ಡರಲ್ಲಿ ಹೇಗಿದೆಯೋ ಹಾಗೇ, ಪೂರ್ತಿ ಬರೀರಿ." ಈ ಒಂದು ಮಾತನ್ನು ಅವನು ಪಾಲಿಸಿದ. ಯಾಕೆ ಪಾಲಿಸಿದ ಅಂತ ಅವನಿಗೂ ಗೊತ್ತಿಲ್ಲ.

ಅಲ್ಲೇ ಕುರ್ಚಿಯಲ್ಲಿ ಅಕ್ಕನ ಮನೆಯ ಬಿಸ್ಕತ್ತು ತಿನ್ನುತ್ತಿದ್ದ ಭಾವಮೈದುನ ಕೈ ಒರೆಸಿಕೊಂಡು ಎದ್ದ. ಅವನದು ಸ್ಟಿಕರ್ ಮತ್ತು ಬ್ಯಾನರ್ ಅಂಗಡಿ. ಊರಿನವರು ಅವನನ್ನೂ ಸ್ಟಿಕರ್ ಅಂತಲೇ ಕರೆಯುತ್ತಿದ್ದರು, ಬಂದರೆ ಬೇಗ ಬಿಡುವುದಿಲ್ಲ ಅಂತ. ಅವನ ಸ್ಟಿಕರ್‌ಗಳಿಗೆ ಆ ಗುಣ ಇರಲಿಲ್ಲ.

"ಭಾವ, ನಾನಿರುವಾಗ ಯೋಚನೆ ಯಾಕೆ? ಹನ್ನೊಂದು ನಿಮಿಷದಲ್ಲಿ ಬೋರ್ಡ್ ನಿಮ್ಮ ಕೈಯಲ್ಲಿರುತ್ತೆ."

"ನಮ್ಮ ಸಾಹೇಬರ ಬಾಗಿಲಿನ ಬೋರ್ಡ್ ನಿನ್ನದೇ ತಾನೆ?"

"ನನ್ನದೇ."

"ಒಂದು ಬೇಸಿಗೆ ಕಳೆಯೋದ್ರಲ್ಲಿ ಅಕ್ಷರ ಒಂದೊಂದಾಗಿ ಉದುರಿ ಈಗ ಮೂರು ಉಳಿದಿವೆ. ಅವೂ ಒಂದರ ಪಕ್ಕ ಒಂದಿಲ್ಲ."

"ಅದು ಬಿಸಿಲಿನ ತಪ್ಪು ಭಾವ. ಸ್ಟಿಕರ್ ಸರಿಯಾಗೇ ಇತ್ತು."

ವಾಲ್ವಣ್ಣ ಮರುದಿನ ಪೇಂಟರ್ ತಾತನ ಬಳಿ ಹೋದ. ಅದಕ್ಕೆ ಕಾರಣ ಕಚೇರಿಯ ಹೊರಗೋಡೆ. ವಾಲ್ವಣ್ಣ ಕೆಲಸಕ್ಕೆ ಸೇರಿದ ವಾರ ತಾತ ಅದರ ಮೇಲೆ 'ನೀರು ಪೋಲು ಮಾಡಬೇಡಿ' ಅಂತ ಆಳೆತ್ತರದ ನೀಲಿ ಅಕ್ಷರದಲ್ಲಿ ಬರೆದಿದ್ದ. ಆಮೇಲೆ ಗೋಡೆ ಎರಡು ಸಲ ಬಿರುಕು ಬಿಟ್ಟಿತು, ವಾಲ್ವಣ್ಣನ ತಲೆ ಮುಕ್ಕಾಲು ಬೋಳಾಯಿತು, ಆ ಅಕ್ಷರಗಳು ಮಾತ್ರ ಇವತ್ತು ಬೆಳಿಗ್ಗೆ ಸ್ನಾನ ಮಾಡಿ ಬಂದ ಹಾಗಿದ್ದವು.

ತಾತ ಬಂದು ಬಾಗಿಲು ನೋಡಿದ. ಸಾಹೇಬರು ತಮ್ಮ ಕೋಣೆಯ ಬೀಗದಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಆಸ್ಪತ್ರೆ ಸೇರಿದ್ದರಿಂದ ಹೊಸ ಮುಖ್ಯಾಧಿಕಾರಿ ತನ್ನ ಹಳೆಯ ಜಾಗದಲ್ಲೇ, ಕೆಟ್ಟ ಮೀಟರ್‌ಗಳನ್ನು ರಾಶಿ ಹಾಕಿದ ಕೋಣೆಯಲ್ಲೇ ರಾಜ್ಯಭಾರ ಮಾಡಬೇಕಿತ್ತು. ಆದರೆ ಆ ಕೋಣೆಯ ಬಾಗಿಲು ಗಟ್ಟಿ ಮರದ್ದು. ತಾತ ವೈದ್ಯರು ಎದೆ ಬಡಿದು ನೋಡುವ ಹಾಗೆ ಅದನ್ನು ಬೆರಳಿನಿಂದ ಬಡಿದು, ಕಿವಿಯಿಟ್ಟು ಕೇಳಿದ.

"ಬಾಗಿಲು ಒಳ್ಳೇದಿದೆ. ನೀವೆಷ್ಟು ದಿನ ಇರ್ತೀರಿ?"

"ನಾನು ಖಾಯಂ ಇರ್ತೀನಿ. ಅದಕ್ಕೇ ಒಂದು ಉಪಾಯ ಮಾಡಿದೀನಿ." ವಾಲ್ವಣ್ಣ ದನಿ ತಗ್ಗಿಸಿದ. "ಕೆಳಗಿನ ಎರಡು ಸಾಲು, 'ಮುಖ್ಯಾಧಿಕಾರಿ, ನೀರು ಸರಬರಾಜು', ಎಣ್ಣೆ ಬಣ್ಣದಲ್ಲಿ ಬರೀರಿ. ಮೇಲಿನ 'ಹಂಗಾಮಿ' ಮಾತ್ರ ನೀರು ಬಣ್ಣದಲ್ಲಿ ಬರೀರಿ."

ತಾತ ಕುಂಚ ಕೆಳಗಿಟ್ಟ. "ಯಾಕೆ?"

"ಖಾಯಂ ಆದ ದಿನ ಒದ್ದೆ ಬಟ್ಟೇಲಿ ಒರೆಸಿಬಿಟ್ರೆ ಆಯ್ತು. ಇಡೀ ಬಾಗಿಲು ಕೆರೆಯೋ ಗೋಜಿರಲ್ಲ."

"ಐವತ್ತೆರಡು ವರ್ಷದಲ್ಲಿ ಒಂದೇ ಬಾಗಿಲಿಗೆ ಎರಡು ಆಯುಷ್ಯ ಕೊಡಿ ಅಂತ ಕೇಳಿದೋರು ನೀವೊಬ್ರೇ."

"ಹೊಸ ಉಪಾಯ ತಾತ."

"ಹೌದು. ಇಷ್ಟು ದಿನ ಯಾರಿಗೂ ಯಾಕೆ ಹೊಳೆದಿರಲಿಲ್ಲ ಅಂತಾನೇ ಯೋಚನೆ ಮಾಡ್ತಿದೀನಿ."

ಒಂಬತ್ತು ದಿನ ಹಿಡಿಯಿತು. ತಾತ ಮೊದಲು ಬಾಗಿಲನ್ನು ಉಜ್ಜಿ ಬೆತ್ತಲೆ ಮಾಡಿದ. ಅಗಸೆ ಎಣ್ಣೆ ಕುಡಿಸಿದ. ಅದು ಕುಡಿದು ಮುಗಿಸುವವರೆಗೆ ಎದುರು ಸ್ಟೂಲಿನ ಮೇಲೆ ಕೂತು ಕಾದ. ಹಸಿರು ಬಣ್ಣ ಮೂರು ಸಲ ಬಳಿದ. ನೂಲಿಗೆ ಸೀಮೆಸುಣ್ಣ ಹಚ್ಚಿ ಟಪ್ಪಂತ ಹೊಡೆದು ಗೆರೆ ಎಳೆದುಕೊಂಡ ಮೇಲೆ ಒಂದು ಪೂರ್ತಿ ದಿನ ಏನೂ ಮಾಡದೆ ಬಾಗಿಲನ್ನು ನೋಡುತ್ತ ಕೂತ. ಆಮೇಲೆ ಬರೆದ. ಕೆಳಗಿನ ಎರಡು ಸಾಲು ಬಿಳಿ, ಅದಕ್ಕೆ ಕಪ್ಪು ನೆರಳು, ಮೇಲೆ ಗಾಜಿನ ಹಾಗೆ ವಾರ್ನಿಶ್. ಮೇಲಿನ ಸಾಲಿಗೆ ಸುಣ್ಣದ ಪುಡಿ, ಗೋಂದು, ಅಷ್ಟೆ.

"ಕೆಳಗಿನದಕ್ಕೆ ನಲವತ್ತು ವರ್ಷ ಗ್ಯಾರಂಟಿ" ಅಂದ ಎಪ್ಪತ್ತನಾಲ್ಕರ ತಾತ. "ಆಮೇಲೆ ಏನಾದ್ರೂ ತೊಂದರೆ ಆದ್ರೆ ನನ್ನ ಹತ್ರ ಬನ್ನಿ."

"ಮೇಲಿನದಕ್ಕೆ?"

"ಎದುರು ನಿಂತು ಯಾರೂ ಸೀನದಿದ್ರೆ ಸಾಕು."

ಹೀಗೆ ಶುರುವಾಯಿತು ವಾಲ್ವಣ್ಣನ ಆಡಳಿತ. ಇಡೀ ಕಟ್ಟಡದಲ್ಲಿ ದೂರದಿಂದ ಓದಲು ಬರುತ್ತಿದ್ದ ಬೋರ್ಡು ಅದೊಂದೇ ಆದ್ದರಿಂದ ಜನ ನೇರ ಅಲ್ಲಿಗೇ ಬಂದರು. ಬಂದವರು ಕೊಳಾಯಿಯ ಕಷ್ಟ ಹೇಳಿದರು. ವಾಲ್ವಣ್ಣ ಎದ್ದು ಹೋಗಿ ಯಾವುದೋ ಕಲ್ಲು ಎತ್ತಿ, ಏನೋ ತಿರುಗಿಸಿ, ಚಪ್ಪಲಿಯನ್ನು ಅಲ್ಲೇ ಮರೆತು ಬಂದು, ಪುಸ್ತಕದಲ್ಲಿ ಬರೆದು ಸಹಿ ಹಾಕಿದ. ಮೊದಲ ತಿಂಗಳು ದಿನಕ್ಕೆ ಹತ್ತು ಸಲ ಹೊರಗೆ ಬಂದು ಬಾಗಿಲು ನೋಡಿಕೊಳ್ಳುತ್ತಿದ್ದ. ಆಮೇಲೆ ಕೆಲಸ ಹೆಚ್ಚಾಯಿತು. ಎರಡು ಕೈತುಂಬ ಪುಸ್ತಕ, ಮೀಟರು ಹಿಡಿದು ಬೆನ್ನಿನಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋಗುವುದು ರೂಢಿಯಾಗಿ, ಬಾಗಿಲಿನ ಮುಖ ನೋಡುವುದೇ ತಪ್ಪಿಹೋಯಿತು.

ಸಾಹೇಬರು ಬರಲು ಇನ್ನು ಒಂದು ವಾರ ಇದೆ ಅನ್ನುವಾಗ, ಕಚೇರಿ ಗುಡಿಸಿ ಒರೆಸುವ ಅಕ್ಕ ಮೇಲಿನಿಂದ ಕೆಳಗಿನವರೆಗೆ ಕಟ್ಟಡ ತೊಳೆಯಲು ಹೊರಟಳು. ಅವಳು ಶ್ರದ್ಧೆಯ ಹೆಂಗಸು. ವಾಲ್ವಣ್ಣನ ಬಾಗಿಲಿಗೆ ಬಂದಾಗ ಮೇಲ್ಗಡೆ ಬಿಳಿಯ ಪುಡಿ ಪುಡಿಯಾದ ಏನೋ ಕಂಡಿತು. ಒದ್ದೆ ಬಟ್ಟೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಬಾಗಿಲು ಕನ್ನಡಿಯ ಹಾಗೆ ಹೊಳೆಯಿತು. ಅದರಲ್ಲಿ 'ಹಂಗಾಮಿ' ಇರಲಿಲ್ಲ.

ಮರುದಿನ ಬೆಳಿಗ್ಗೆ ಬೇಕರಿಯವಳು ಒಂದು ಕೇಕು ತಂದು ಮೇಜಿನ ಮೇಲಿಟ್ಟಳು. "ಕೊನೆಗೂ ಆಯ್ತಲ್ಲ ವಾಲ್ವಣ್ಣ."

ಹಿಂದಿನ ದಿನ ಅವಳ ಬೀದಿಯ ವಾಲ್ವು ಸರಿ ಮಾಡಿದ್ದ ವಾಲ್ವಣ್ಣ ನಾಚಿಕೊಂಡ. "ಅದೇನು ದೊಡ್ಡದು ಬಿಡಮ್ಮ. ಸ್ವಲ್ಪ ಎಣ್ಣೆ ಹಾಕಿದೆ, ಆಗೋಯ್ತು."

"ಎಣ್ಣೆ ಹಾಕಿದ್ಯಾ?" ಬೇಕರಿಯವಳ ಕಣ್ಣು ದೊಡ್ಡದಾಯಿತು.

"ಹಾಕದೆ ಆಗುತ್ತಾ? ವರ್ಷಗಟ್ಟಲೆ ತುಕ್ಕು ಹಿಡಿದು ಕೂತಿತ್ತು. ಮೇಲಿಂದ ಸ್ವಲ್ಪ, ಕೆಳಗಿಂದ ಸ್ವಲ್ಪ."

ಬೇಕರಿಯವಳು ಬೀದಿಯ ತುಂಬ ಹೇಳಿಕೊಂಡು ಬಂದಳು: "ಮುಚ್ಚುಮರೆ ಇಲ್ಲದ ಮನುಷ್ಯ. ಮೇಲಿನೋರಿಗೂ ಕೊಟ್ಟೆ, ಕೆಳಗಿನೋರಿಗೂ ಕೊಟ್ಟೆ ಅಂತ ನೇರವಾಗೇ ಹೇಳ್ತಾನೆ."

ಸಂಜೆ ದಾರಿಯಲ್ಲಿ ಸಿಕ್ಕ ಪಕ್ಕದ ಮನೆಯ ಮೇಷ್ಟ್ರು ಕೈ ಹಿಡಿದು ಕುಲುಕಿದರು. "ದೊಡ್ಡೋರಾದ್ರಿ. ಇನ್ನು ನಮ್ಮನ್ನೆಲ್ಲ ಮರೆತುಬಿಡ್ತೀರೇನೋ."

"ಛೆ, ನಿಮ್ಮನೆ ಮುಂದೆ ಇನ್ನೂರ ನಾಲ್ಕು ಇದೆ ಮೇಷ್ಟ್ರೇ. ಅದನ್ನ ಮರೆಯೋಕಾಗುತ್ತಾ?"

ಮೇಷ್ಟ್ರು ಮನೆಗೆ ಹೋಗಿ ಗೇಟಿನ ಮುಂದೆ ಇನ್ನೂರ ನಾಲ್ಕು ಏನಿದೆ ಅಂತ ಬಹಳ ಹೊತ್ತು ಹುಡುಕಿದರಂತೆ.

ಇಷ್ಟಕ್ಕೇ ನಿಂತಿದ್ದರೆ ಊರಿನ ಮಾತು ಊರಲ್ಲೇ ಕರಗುತ್ತಿತ್ತು. ಆದರೆ ಆ ಬಾಗಿಲನ್ನು ಸ್ಟಿಕರ್ ನೋಡಿದ. ನೋಡಿದವನು ಅಲ್ಲಿಂದಲೇ ಓಡಿದ. ಹನ್ನೊಂದು ನಿಮಿಷದಲ್ಲಿ ಒಂದು ಬ್ಯಾನರ್ ತಯಾರಾಯಿತು. 'ಖಾಯಂ ಮುಖ್ಯಾಧಿಕಾರಿಯಾದ ನಮ್ಮ ಭಾವನವರಿಗೆ ಅಭಿನಂದನೆಗಳು' ಅಂತ, ಪಕ್ಕದಲ್ಲಿ ವಾಲ್ವಣ್ಣ ಯಾವುದೋ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡಿರುವ ಮುಖ. ಅದನ್ನು ಅಕ್ಕನ ಮನೆಯ ಎದುರಿಗೇ ಕಟ್ಟಿದ. ಅಷ್ಟಕ್ಕೂ ಸಮಾಧಾನವಾಗದೆ, ಇಷ್ಟು ಒಳ್ಳೆಯ ಕೆಲಸ ಮಾಡಿದ ಕೇಂದ್ರ ಕಚೇರಿಗೆ ಊರಿನ ಪರವಾಗಿ ಎರಡು ಪುಟದ ಧನ್ಯವಾದ ಪತ್ರ ಬರೆದು ಅಂಚೆಗೆ ಹಾಕಿದ.

"ಏನ್ರೀ" ಅಂದಳು ಹೆಂಡತಿ, ಕಿಟಕಿಯಿಂದ ಬ್ಯಾನರ್ ನೋಡುತ್ತ. "ಖಾಯಂ ಆಯ್ತಂತೆ. ಬೇಕರಿಯವಳಿಗೆ ಹೇಳಿದೀರಿ, ಮೇಷ್ಟ್ರಿಗೆ ಹೇಳಿದೀರಿ. ನನಗೆ ಹೇಳಬೇಕು ಅನ್ನಿಸ್ಲಿಲ್ವಾ?"

"ಖಾಯಂ ಆಯ್ತು ಅಂತ ಯಾರು ಹೇಳಿದ್ರು?"

"ನಿಮ್ಮ ಬಾಗಿಲೇ ಹೇಳ್ತಿದೆಯಂತೆ."

ಇಬ್ಬರೂ ಕಚೇರಿಗೆ ಓಡಿದರು. ಬಾಗಿಲು ಸಂಜೆ ಬಿಸಿಲಿನಲ್ಲಿ ಸುಳ್ಳನ್ನು ಬಹಳ ಅಂದವಾಗಿ ಹೇಳುತ್ತ ನಿಂತಿತ್ತು. ಬ್ಯಾನರನ್ನು ಆ ಸಂಜೆಯೇ ಬಿಚ್ಚಿದರು. ಇನ್ನು ಕೆಲವೇ ದಿನದಲ್ಲಿ ಸಾಹೇಬರು ಬರುತ್ತಾರಲ್ಲ ಅಂತ ಬಾಗಿಲನ್ನು ಹಾಗೇ ಬಿಟ್ಟರು. ಅಂಚೆಯಲ್ಲಿ ಹೋದದ್ದನ್ನು ಬಿಚ್ಚುವ ದಾರಿ ಇರಲಿಲ್ಲ.

ಅದರ ಉತ್ತರ ಮುಂದಿನ ಸೋಮವಾರ ಬಂತು. ನಾವು ಯಾರನ್ನೂ ಹೊಸದಾಗಿ ಖಾಯಂ ಮುಖ್ಯಾಧಿಕಾರಿಯಾಗಿ ನೇಮಿಸಿಲ್ಲ. ಗುರುವಾರ ತಪಾಸಣೆಗೆ ಬರುತ್ತೇವೆ. ಇಲ್ಲದ ಹುದ್ದೆಯನ್ನು ಯಾರಾದರೂ ಹೇಳಿಕೊಂಡಿರುವುದು ಕಂಡುಬಂದರೆ ಅವರನ್ನು ಕೆಲಸದಿಂದ ತೆಗೆಯಲಾಗುವುದು.

ಈ ಸಲ ವಾಲ್ವಣ್ಣನ ಕಣ್ಣು ಒಂದು ಪದವನ್ನೂ ದಾಟಲಿಲ್ಲ. ಇಪ್ಪತ್ತಾರು ವರ್ಷದ ಕೆಲಸ. ನಿವೃತ್ತಿಗೆ ಇನ್ನೂ ಒಂಬತ್ತು ವರ್ಷ. ಮುನ್ನೂರ ಹನ್ನೆರಡು ವಾಲ್ವು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ, ಆ ವಿದ್ಯೆಗೆ ಬೇರೆ ಊರಿನಲ್ಲಿ ಬೆಲೆಯೂ ಇರಲಿಲ್ಲ.

ಮಂಗಳವಾರ ಸಾಹೇಬರು ಕೋಲೂರಿಕೊಂಡು ಬಂದರು. ತಮ್ಮ ಕೋಣೆ ತೆಗೆದು, ಮೂರಕ್ಷರದ ಬೋರ್ಡಿನ ಹಿಂದೆ ಮಧ್ಯಾಹ್ನದವರೆಗೆ ಕೂತರು. ಆಮೇಲೆ ವಾಲ್ವಣ್ಣನನ್ನು ಕರೆಸಿದರು. ಅವನು ಬಯ್ಗುಳ ಕಾದಿದೆ ಅಂದುಕೊಂಡು ಹೋದರೆ ಸಾಹೇಬರ ಮುಖದಲ್ಲಿ ಬೆಳದಿಂಗಳು.

"ಬೆಳಿಗ್ಗೆಯಿಂದ ಒಬ್ಬರೂ ನನ್ನ ಬಾಗಿಲು ತಟ್ಟಿಲ್ಲ ಕಣಯ್ಯ. ಎಲ್ಲ ನಿನ್ನ ಬಾಗಿಲಿಗೇ ಹೋಗ್ತಿದಾರೆ. ಈ ಕುರ್ಚೀಲಿ ಕೂತು ಟೀ ಬಿಸಿಯಾಗಿ ಕುಡಿದಿದ್ದು ಇವತ್ತೇ ಮೊದಲು."

"ಹಾಗಾದ್ರೆ ಗುರುವಾರ ತಪಾಸಣೆಗೆ ಕೇಂದ್ರ ಕಚೇರಿ ಮೇಡಂ ಬಂದಾಗ ನನ್ನ ಪರವಾಗಿ ಒಂದು ಮಾತು ಹೇಳ್ತೀರಾ ಸಾರ್?"

ಸಾಹೇಬರು ಮಂಡಿ ಸವರಿಕೊಂಡರು. "ಗುರುವಾರ ನನಗೆ ವಿಪರೀತ ನೋವಿರುತ್ತೆ."

ಉಳಿದದ್ದು ಒಂದೇ ದಾರಿ, ಅಳಿಸುವುದು. 'ಹಂಗಾಮಿ'ಯನ್ನು ಮತ್ತೆ ಬರೆಸುವಂತಿರಲಿಲ್ಲ, ಸಾಹೇಬರು ವಾಪಸು ಬಂದ ಮೇಲೆ ಅದೂ ಸುಳ್ಳೇ. ವಾಲ್ವಣ್ಣ ಸೀಮೆಎಣ್ಣೆ ಹಾಕಿ ಉಜ್ಜಿದ. ಅಕ್ಷರ ಇನ್ನಷ್ಟು ಹೊಳೆಯಿತು. ಉಪ್ಪುಕಾಗದ ಹಾಕಿ ತಿಕ್ಕಿದ. ಕಾಗದ ಸವೆದು ಬೆರಳು ಸವೆಯಲು ಶುರುವಾಯಿತು. ಅಂಗಡಿಯಿಂದ ಹಸಿರು ಬಣ್ಣ ತಂದು ಮೇಲೆ ಬಳಿದ. ತಾತನ ವಾರ್ನಿಶ್ ಮೇಲೆ ಅದು ನಿಲ್ಲದೆ ಕಣ್ಣೀರಿನ ಹಾಗೆ ಕೆಳಗಿಳಿದು ಅವನ ಚಪ್ಪಲಿಗೆ ಬಿತ್ತು. ಬಾಗಿಲನ್ನೇ ಕಳಚಿಡೋಣ ಅಂದರೆ ತಾತ ಕೀಲುಗಳಿಗೂ ಮೂರು ಕೋಟು ಕೊಟ್ಟು ಸ್ಕ್ರೂ ಎಲ್ಲಿದೆ ಅನ್ನುವುದೇ ಗೊತ್ತಾಗದ ಹಾಗೆ ಮಾಡಿದ್ದ. ಕೊನೆಗೆ ತಾತನ ಹತ್ತಿರವೇ ಓಡಿದ.

"ಅಳಿಸೋದು ನನಗೆ ಬರಲ್ಲ" ಅಂದ ತಾತ. "ನಮ್ಮ ಗುರುಗಳು ಬರೆಯೋದು ಹೇಳಿಕೊಟ್ರು. ಅಳಿಸೋ ಪಾಠ ಬರೋ ಮೊದಲೇ ತೀರಿಕೊಂಡ್ರು. ಆದ್ರೆ ಒಂದು ಕೇಳ್ತೀನಿ, ನನ್ನ ಅಕ್ಷರಕ್ಕೆ ಸೀಮೆಎಣ್ಣೆ ಹಾಕಿದೋರು ಯಾರು? ಇಲ್ಲಿವರೆಗೂ ವಾಸನೆ ಬರ್ತಿದೆ."

ವಾಲ್ವಣ್ಣ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹೊರಟ.

"ನಾನಿದೀನಿ ಭಾವ" ಅಂದ ಸ್ಟಿಕರ್. ಆ ಹೊತ್ತಿಗೆ ಅಕ್ಕ ಅವನಿಗೆ ಬಿಸ್ಕತ್ತು ಕೊಡುವುದನ್ನು ನಿಲ್ಲಿಸಿ ಮೂರು ದಿನವಾಗಿತ್ತು. ಗುರುವಾರ ಬೆಳಿಗ್ಗೆ ಬಾಗಿಲಷ್ಟೇ ಅಗಲದ ಸ್ಟಿಕರ್ ತಂದು, 'ಹಳೆ ಮೀಟರ್‌ಗಳ ಗೋದಾಮು' ಅಂತ ಬರೆದದ್ದನ್ನು ತಾತನ ಅಕ್ಷರಗಳ ಮೇಲೆ ಅಂಟಿಸಿ ಅಂಗೈಯಿಂದ ತೀಡಿದ. "ನೋಡಿ. ಇದನ್ನ ಯಾರಪ್ಪನೂ ಕೀಳೋಕಾಗಲ್ಲ."

ಹನ್ನೊಂದು ಗಂಟೆಗೆ ಮೇಡಂ ಬಂದರು. ಸಣ್ಣ ಆಳು, ಸಣ್ಣ ಫೈಲು, ನಿಧಾನವಾದ ಮಾತು. ಜೋರಾಗಿ ಬಯ್ಯುವವರಿಗಿಂತ ಇಂಥವರಿಗೆ ಕಚೇರಿಗಳು ಹೆಚ್ಚು ಹೆದರುತ್ತವೆ.

"ಈ ಊರಲ್ಲಿ ಕಚೇರಿ ಹುಡುಕ್ತಾ ಅರ್ಧ ಗಂಟೆ ಸುತ್ತಿದೆ" ಅಂದರು. "ಎಲ್ಲ ಬೋರ್ಡೂ ಬಿಸಿಲಿಗೆ ಬಿಳುಚಿಕೊಂಡಿವೆ. ಹೊರಗಿನ ಗೋಡೆ ಮೇಲೆ ನೀರು ಪೋಲು ಮಾಡಬೇಡಿ ಅಂತ ಇತ್ತು, ಅದನ್ನ ನೋಡಿ ಒಳಗೆ ಬಂದೆ." ವಾಲ್ವಣ್ಣನ ಬಾಗಿಲ ಮುಂದೆ ನಿಂತರು. "ಇದೇನು, ಗೋದಾಮಾ?"

"ಹೌದು ಮೇಡಂ. ಹಳೇ ಮೀಟರು."

"ಕಿಟಕೀಲಿ ಮೇಜು, ಕುರ್ಚಿ ಕಾಣ್ತಿದೆ."

"ಮೀಟರ್ ಇಡೋಕೆ ಮೇಡಂ."

ಆಗ ಸ್ಟಿಕರಿನ ಮೇಲಿನ ಎಡ ಮೂಲೆ ಮೆಲ್ಲಗೆ ಸುರುಳಿ ಸುತ್ತಿಕೊಂಡಿತು. ಅಗಸೆ ಎಣ್ಣೆ ಕುಡಿದ ಬಾಗಿಲಿಗೆ ಹನ್ನೊಂದು ನಿಮಿಷದ ಗೋಂದು ಯಾವ ಲೆಕ್ಕ? ವಾಲ್ವಣ್ಣ ಸಹಜವಾಗಿ ನಿಂತವನ ಹಾಗೆ ಆ ಮೂಲೆಗೆ ಭುಜ ಕೊಟ್ಟು ಒರಗಿದ. ಬಲ ಮೂಲೆ ಎದ್ದಿತು. ಭಾವಮೈದುನ ಬಂದು ಅದಕ್ಕೆ ಒರಗಿದ. ಕೆಳಗಿನ ಅಂಚು ಬಾಯಿ ಬಿಟ್ಟಿತು. ಒರೆಸುವ ಅಕ್ಕ ಬಕೆಟ್ ಸಮೇತ ಬಂದು ಅಲ್ಲಿ ಬೆನ್ನು ಕೊಟ್ಟು ಕುಳಿತಳು.

ಮೇಡಂ ಮೂವರನ್ನೂ ನೋಡಿದರು. "ಈ ಕಚೇರೀಲಿ ಬಾಗಿಲಿಗೆ ಒರಗೋದು ರೂಢಿನಾ?"

"ಬಾಗಿಲು ಸ್ವಲ್ಪ ವೀಕು ಮೇಡಂ" ಅಂದರು ಸಾಹೇಬರು, ದೂರದಿಂದ.

ಇದೇ ಸ್ಥಿತಿಯಲ್ಲಿ ಇನ್ನೈದು ನಿಮಿಷ ಕಳೆದಿದ್ದರೆ ಮೇಡಂ ಮುಂದೆ ಹೋಗುತ್ತಿದ್ದರೋ ಏನೋ. ಆದರೆ ಬೇಕರಿಯವಳು ಏದುಸಿರು ಬಿಡುತ್ತ ಬಂದಳು.

"ಏನ್ ವಾಲ್ವಣ್ಣ, ನಿನ್ನ ರೂಮೆಲ್ಲಿ ಹೋಯ್ತು? ಅಲ್ಲಿ ಗೋದಾಮು ಅಂತಿದೆ ಅಂತ ಇಡೀ ಕಟ್ಟಡ ಸುತ್ತಿದೆ. ಬೆಳಿಗ್ಗೆಯಿಂದ ನಮ್ಮ ಬೀದೀಲಿ ಒಂದು ಹನಿ ನೀರಿಲ್ಲ. ಆಸ್ಪತ್ರೇಲೂ ಇಲ್ವಂತೆ."

"ಆಸ್ಪತ್ರೇಲೂ ಇಲ್ವಾ?" ವಾಲ್ವಣ್ಣನಿಗೆ ಮೇಡಂ ಮರೆತುಹೋದರು, ಬಾಗಿಲು ಮರೆತುಹೋಯಿತು, ಕೆಲಸ ಹೋಗುವುದೂ ಮರೆತುಹೋಯಿತು. ನೇರ ಅವಳ ಕಡೆ ನಡೆದ. "ಅದು ನೂರ ಎಂಬತ್ತೊಂಬತ್ತನೇ ವಾಲ್ವು. ನಿನ್ನೆ ರಸ್ತೆ ಅಗೆದೋರು ಮುಚ್ಚಿದಾರೆ, ತೆಗೆಯೋದು ಮರೆತಿದಾರೆ. ಲಾಂಡ್ರಿ ಕಂಬದಿಂದ ನಾಲ್ಕು ಹೆಜ್ಜೆ, ಬಲಕ್ಕೆ ಎರಡು ಗೇಣು. ಪೈಪಿನೋರಿಗೆ ಹೇಳು, ಎಡಕ್ಕೆ ಆರು ಸುತ್ತು. ಏಳನೇದು ಬೇಡ, ಏಳನೇದಕ್ಕೆ ಸೋರುತ್ತೆ."

ಅವನ ಬೆನ್ನ ಹಿಂದೆ ಬರ್‍ರ್ ಅಂತ ಉದ್ದ ಸದ್ದಾಯಿತು. ತಿರುಗಿ ನೋಡಿದರೆ ಗೋದಾಮು ಪೂರ್ತಿ ಕಳಚಿಕೊಂಡು ಭಾವಮೈದುನನ ತಲೆಯ ಮೇಲೆ ಕಂಬಳಿಯ ಹಾಗೆ ಕವಿದಿತ್ತು. ಅದರ ಹಿಂದಿನಿಂದ ಬಿಳಿ ಅಕ್ಷರ, ಕಪ್ಪು ನೆರಳು, ಗಾಜಿನಂಥ ವಾರ್ನಿಶ್: ಮುಖ್ಯಾಧಿಕಾರಿ, ನೀರು ಸರಬರಾಜು.

ಮೇಡಂ ಓದಿದರು. ನಿಧಾನವಾಗಿ ಓದಿದರು. "ಯಾರಿದು?"

"ನಾನೇ ಮೇಡಂ. ಅಂದ್ರೆ ನಾನಲ್ಲ. ಸ್ವಲ್ಪ ದಿನ ಆಗಿದ್ದೆ. ಪೂರ್ತಿ ಆಗಿರ್ಲಿಲ್ಲ. ಮೇಲೊಂದು ಪದ ಇತ್ತು."

"ಯಾವ ಪದ?"

"ಹಂಗಾಮಿ. ಅದು ಅಳಿಸಿಹೋಯ್ತು."

"ಮುಖ್ಯಾಧಿಕಾರಿ ಅಳಿಸಲಿಲ್ಲ. ನೀರು ಸರಬರಾಜು ಅಳಿಸಲಿಲ್ಲ. ಹಂಗಾಮಿ ಒಂದೇ ಅಳಿಸಿಹೋಯ್ತು."

"ಹೌದು ಮೇಡಂ."

"ಇದನ್ನ ನಾನು ನಂಬಬೇಕು."

"ಕಷ್ಟ ಅಂತ ನನಗೂ ಅನ್ನಿಸ್ತಿದೆ ಮೇಡಂ."

ಒರೆಸುವ ಅಕ್ಕ ಎದ್ದು ನಿಂತಳು. "ನಾನೇ ಒರೆಸಿದ್ದು. ಧೂಳು ಅಂದ್ಕೊಂಡೆ. ಎರಡೇ ಸಲ ಬಟ್ಟೆ ಆಡಿಸಿದ್ದು, ಆಣೆಗೂ."

"ಅವರನ್ನ ಉಳಿಸೋಕೆ ಹೇಳ್ತಿದೀರಿ" ಅಂದರು ಮೇಡಂ. ಫೈಲು ತೆರೆದು ಪೆನ್ನು ತೆಗೆದರು. 

"ಸ್ವಲ್ಪ ಜಾಗ ಬಿಡಿ" ಅಂತ ಹಿಂದಿನಿಂದ ಯಾರೋ ಅಂದರು. ಪೇಂಟರ್ ತಾತ. ಕೈಯಲ್ಲಿ ಮೆತ್ತನೆಯ ಬಟ್ಟೆ. ತನ್ನ ಅಕ್ಷರಗಳಿಗೆ ಸೀಮೆಎಣ್ಣೆ ಬಿದ್ದಿದೆಯಲ್ಲ, ಅದನ್ನು ಒರೆಸಿ ಹೋಗಲು ಬಂದಿದ್ದ. ತಪಾಸಣೆ ಇದೆ ಅಂತ ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಬರುತ್ತಿದ್ದ.

"ಇದನ್ನ ಬರೆದಿದ್ದು ನೀವಾ?" ಅಂತ ಮೇಡಂ ಕೇಳಿದರು.

"ಇದನ್ನೂ ಬರೆದೆ, ಹೊರಗಿನ ಗೋಡೆಯದನ್ನೂ ಬರೆದೆ."

"ಆಗ ಮೇಲೆ ಹಂಗಾಮಿ ಅಂತ ಇತ್ತಾ?"

ತಾತ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡ. ಬಾಗಿಲಿನ ಮೇಲ್ತುದಿಯಿಂದ ಮೊದಲ ಅಕ್ಷರದವರೆಗೆ ಗೇಣು ಹಾಕಿದ. ನಾಲ್ಕು. ಕೊನೆಯ ಸಾಲಿನಿಂದ ಅಡ್ಡಪಟ್ಟಿಯವರೆಗೆ ಗೇಣು ಹಾಕಿದ. ಎರಡು. ಆಮೇಲೆ ಮೇಡಂ ಕಡೆ ತಿರುಗಿದ.

"ನೋಡಮ್ಮ, ಬರೆಯೋ ಮೊದಲು ಒಂದು ದಿನ ಪೂರ್ತಿ ಬಾಗಿಲನ್ನ ನೋಡ್ತಾ ಕೂರ್ತೀನಿ. ಯಾಕೆ? ಮೇಲೆಷ್ಟು ಜಾಗವೋ ಕೆಳಗೂ ಅಷ್ಟೇ ಬಿಡ್ಬೇಕು. ಐವತ್ತೆರಡು ವರ್ಷದಲ್ಲಿ ನಾನು ಹೀಗೆ ಜಾರಿಬಿದ್ದ ಹಾಗೆ ಒಂದು ಬೋರ್ಡೂ ಬರೆದಿಲ್ಲ. ಊರಲ್ಲಿ ನನ್ನವು ನೂರಾರಿವೆ, ಅಳೆದು ನೋಡಿ. ಇಲ್ಲಿ ಮೇಲೆ ಎರಡು ಗೇಣು ಹೆಚ್ಚಿಗೆ ಖಾಲಿ ಇದೆ ಅಂದ್ರೆ ಅಲ್ಲೊಂದು ಸಾಲು ಇತ್ತು ಅಂತಲೇ. ಇವ್ರು ಸುಳ್ಳು ಹೇಳಬಹುದು. ಜಾಗ ಹೇಳಲ್ಲ."

ಮೇಡಂ ತಾವೇ ಗೇಣು ಹಾಕಿ ನೋಡಿದರು. ಆಮೇಲೆ ಹೊರಗೆ ಹೋಗಿ ಗೋಡೆಗೂ ಎರಡು ಕಡೆ ಗೇಣು ಹಾಕಿ ವಾಪಸು ಬಂದರು. ಮೇಲೆಷ್ಟೋ ಕೆಳಗೂ ಅಷ್ಟೇ ಇತ್ತು.

"ದೂರಿನ ಪುಸ್ತಕ ಕೊಡಿ."

ಪುಸ್ತಕ ಬಂತು. ಮೂರು ತಿಂಗಳಲ್ಲಿ ನೂರ ಅರವತ್ತಮೂರು ದೂರು. ನೂರ ಅರವತ್ತಮೂರರ ಮುಂದೂ 'ಸರಿಯಾಯಿತು', ಅದರ ಕೆಳಗೆ 'ಹಂಗಾಮಿ ಮುಖ್ಯಾಧಿಕಾರಿ' ಅಂತ ಒಂದಕ್ಷರ ಬಿಡದೆ ಬರೆದ ಸಹಿ. ಸಾಹೇಬರು ಬಂದ ಮಂಗಳವಾರದಿಂದ ಮತ್ತೆ 'ಹಿರಿಯ ಗುಮಾಸ್ತ'. ಅಲ್ಲಲ್ಲಿ ಅಂಚಿನಲ್ಲಿ 'ಚಪ್ಪಲಿ ಲಾಂಡ್ರಿ ಹತ್ತಿರ ಇದೆ' ಅಂತ ತನಗೆ ತಾನೇ ಬರೆದುಕೊಂಡದ್ದು. ಗುಂಪಿನ ಹಿಂದೆ ನಿಂತಿದ್ದ ಅವನ ಹೆಂಡತಿ ಆ ಸಹಿಗಳನ್ನು ಇಣುಕಿ ನೋಡಿದಳು.

ಮೇಡಂ ಹಳೆಯ ಪುಟಗಳಿಗೆ ಹೋದರು. "ಹೋದ ವರ್ಷ ಇದೇ ಮೂರು ತಿಂಗಳಲ್ಲಿ ಹನ್ನೆರಡು ದೂರು ಸರಿಯಾಗಿದೆ."

"ಆಗ ಮಂಡಿ ಶುರುವಾಗಿತ್ತು ಮೇಡಂ" ಅಂದರು ಸಾಹೇಬರು.

"ಕೇಂದ್ರ ಕಚೇರೀಲಿ ನಕ್ಷೆ ವಿಭಾಗ ಖಾಲಿ ಇದೆ. ಕೂತು ಮಾಡೋ ಕೆಲಸ."

"ಲಿಫ್ಟ್ ಇದೆಯಾ ಮೇಡಂ?"

"ಇದೆ."

"ಯಾರಾದ್ರೂ ಬಾಗಿಲು ತಟ್ಟಿ ದೂರು ಹೇಳ್ತಾರಾ?"

"ನಕ್ಷೆ ವಿಭಾಗ ಎಲ್ಲಿದೆ ಅಂತ ನಮ್ಮೋರಿಗೇ ಗೊತ್ತಿಲ್ಲ."

ಸಾಹೇಬರು ಕೋಲು ಬಿಟ್ಟು ನಿಂತುಕೊಂಡರು. ಅದು ಆಪರೇಶನ್ ಆದ ಮೇಲೆ ಮೊದಲ ಸಲ.

"ಖಾಯಂ ಮಾಡೋ ಅಧಿಕಾರ ನನಗಿಲ್ಲ" ಅಂತ ಮೇಡಂ ವಾಲ್ವಣ್ಣನ ಕಡೆ ತಿರುಗಿದರು. "ಮುಂದಿನ ಆದೇಶ ಬರೋವರೆಗೆ ನೀವು ಹಂಗಾಮಿ. ಮುಂದಿನ ಆದೇಶ ಯಾವಾಗ ಅಂತ ಕೇಳಬೇಡಿ. ಹೀಗೇ ಆದೇಶ ತಗೊಂಡ ಇನ್ನೊಬ್ಬರು ಈಗ ಮೊಮ್ಮಕ್ಕಳನ್ನ ಶಾಲೆಗೆ ಬಿಟ್ಟು ಆಫೀಸಿಗೆ ಬರ್ತಾರೆ. ಒಂದು ಮಾತು. ಬಾಗಿಲು ಆದೇಶದ ಪ್ರಕಾರ ಇರಬೇಕು. ಪೂರ್ತಿ."

ಮೇಡಂ ಹೋದ ಮೇಲೆ ತಾತ ಅಲ್ಲೇ ಸ್ಟೂಲು ಎಳೆದುಕೊಂಡು, ನೂಲಿಗೆ ಸೀಮೆಸುಣ್ಣ ಹಚ್ಚಿ, ಖಾಲಿ ಎರಡು ಗೇಣಿನ ನಡುವೆ ಟಪ್ಪಂತ ಗೆರೆ ಹೊಡೆದ.

"ಈ ಸಲ ಯಾವ ಬಣ್ಣ? ನೀರಾ, ಎಣ್ಣೆನಾ?"

ವಾಲ್ವಣ್ಣ ಹೆಂಡತಿಯ ಮುಖ ನೋಡಿದ. ಅವಳು, "ನಿಮ್ಮ ಬಾಗಿಲು, ನೀವೇ ಹೇಳಿ" ಅಂದಳು.

"ಎಣ್ಣೆ."

"ಎಷ್ಟು ವರ್ಷಕ್ಕೆ?"

"ನಿಮ್ಮ ಮಾಮೂಲಿ ನಲವತ್ತಕ್ಕೇ ಬರೀರಿ ತಾತ. ನನಗೆ ಒಂಬತ್ತು ಸಾಕು. ಉಳಿದಿದ್ದು ಮುಂದೆ ಬರೋ ಹಂಗಾಮಿಗಳಿಗೆ."

ಒಂಬತ್ತು ದಿನ ಹಿಡಿಯಿತು. ತಾತ ಸ್ಟೂಲು ಎತ್ತಿಕೊಂಡು ಹೊರಡುವಾಗ ಸ್ಟಿಕರ್ ಹಿಂದೆ ಹಿಂದೆ ಹೋಗಿ, ಯಾರೂ ಕೇಳದ ಹಾಗೆ, ತನ್ನ ಅಂಗಡಿಯ ಹಲಗೆ ಬರೆದುಕೊಡಬೇಕು ಅಂದ. ಈಗ ಅದು ಬೀದಿಯ ಆ ತುದಿಯಿಂದಲೇ ಕಾಣುತ್ತದೆ, ಮೇಲೆಷ್ಟು ಜಾಗವೋ ಕೆಳಗೂ ಅಷ್ಟೇ: 'ಇಲ್ಲಿ ಹನ್ನೊಂದು ನಿಮಿಷದಲ್ಲಿ ಬೋರ್ಡ್ ಮಾಡಿಕೊಡಲಾಗುವುದು'.

ಮುಂದಿನ ಆದೇಶ ಇನ್ನೂ ಬಂದಿಲ್ಲ. ಒರೆಸುವ ಅಕ್ಕ ಮಾತ್ರ ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒದ್ದೆ ಬಟ್ಟೆಯನ್ನು 'ಹಂಗಾಮಿ' ಮೇಲೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಆಡಿಸುತ್ತಾಳೆ. ಆಮೇಲೆ ಬಟ್ಟೆಯನ್ನು ತಿರುಗಿಸಿ ನೋಡುತ್ತಾಳೆ. ಕೈತುಂಬ ಮೀಟರು ಹೊತ್ತು ಬೆನ್ನಿನಿಂದ ಬಾಗಿಲು ತಳ್ಳುತ್ತ ವಾಲ್ವಣ್ಣ ಕೇಳುತ್ತಾನೆ, "ಇದೆಯೇನಮ್ಮ?"

"ಇದೆ ಸಾರ್" ಅನ್ನುತ್ತಾಳೆ ಅವಳು. "ಒಳಗೆ ಹೋಗಿ."